ಗುಡಿಸಿಟ್ಟ ಗಾಯರಾಣ

ಲಕ್ಕವ್ವ, ನಿಮ್ಮ ಕುರಿ ಮೇಯುವ ಗಾಯರಾಣವನ್ನು, ಊರಿನ ಹುಲ್ಲುಗಾವಲನ್ನು, ಯಾರೂ ಬಳಸುತ್ತಿಲ್ಲ ಎಂದು ಪಂಚನಾಮೆಯಲ್ಲಿ ಬರೆದವಳು ನಾನು — ಆಗ ನಿಮ್ಮೂರಿನ ಜಮೀನು ಲೆಕ್ಕ ಬರೆಯುವ ತಲಾಠಿಯಾಗಿದ್ದ ಇದೇ ನೀಲಮ್ಮ. ಹೇಳಿಬಿಟ್ಟೆ ನೋಡು! ಒಂಬತ್ತು ವರ್ಷ ಗಂಟಲಲ್ಲೇ ಕೂತಿದ್ದು ಒಂದೇ ಉಸಿರಿಗೆ ಹೊರಬಿತ್ತು. ಇವತ್ತು ಹುನಗುಂದದಲ್ಲಿ ಸಭೆ. ಉಳಿದ ಅರ್ಧ ಗಾಯರಾಣವನ್ನೂ ಗ್ರಾನೈಟ್ ಕ್ವಾರಿಗೆ ಕೊಡುವ ಮಾತು. ಐದು ಗಂಟೆಗೇ ಎದ್ದು ಸೀರೆ ಉಟ್ಟು ಕೂತಿದ್ದೇನೆ, ಮದುವೆಗೆ ಹೊರಟವಳ ಹಾಗೆ. ಚಹಾ ಕುಡಿಯುವುದಕ್ಕೂ ತಾಳ್ಮೆಯಿಲ್ಲ.

ಆ ವರ್ಷ ದೀಪಾವಳಿ ಮುಗಿಸಿ ನೀವು ಕುರಿ ಹೊಡೆದುಕೊಂಡು ಮೇವಿಗಾಗಿ ಹೊಳೆಸಾಲಿಗೆ ಹೊರಟಿರಿ. ಹೋಗುವ ಮುನ್ನ ಕುರಿದಡ್ಡಿಯ ಮುಳ್ಳುಬೇಲಿ ಕಿತ್ತು, ಹಿಕ್ಕೆಯನ್ನೆಲ್ಲ ಬಳಿದು ಹೊಲದವರಿಗೆ ಕೊಟ್ಟು, ನೆಲ ಗುಡಿಸಿ, ಬೀರಪ್ಪನಿಗೆ ಕೈಮುಗಿಯುವುದು ನಿಮ್ಮ ರೂಢಿ — ತಿರುಗಿ ಬಂದಾಗ ಕುರಿಗೆ ರೋಗ ತಗಲಬಾರದು ಎಂದು. ಆ ದಿನ ನೀನು ನನ್ನ ಕಚೇರಿಗೆ ಬಂದಿದ್ದೆ.

"ಬಾಯಾರ, ನಾವ್ ಇಲ್ದಾಗ ಸರ್ವೇ-ಗಿರ್ವೇ ಅಂತ ಯಾರರ ಬಂದ್ರ ಒಂದ್ ಫೋನ್ ಹಚ್ರಿ. ಮರುದಿನಾನ ಬರ್ತೇವಿ."

"ಹಚ್ತೇನಿ, ಹೋಗಿ ಬಾ," ಎಂದೆ.

ಹಚ್ಚಲಿಲ್ಲ.

ನನ್ನ ಮೇಲಿನ ಸಾಹೇಬರು ಹೇಳಿದ್ದು ಇಷ್ಟೇ: "ಕಲ್ಲು ಕೊಳ್ಳಾಕ ಪರದೇಶದವ್ರು ಬಂದು ಕುಂತಾರ. ಕುರಿಯವ್ರು ಬರೂದ್ರೊಳಗ ಪಂಚನಾಮೆ ಮುಗಸ್ರಿ." ನವನಗರದ ಕಚೇರಿಗೆ ನಾನು ಕೇಳಿದ್ದ ವರ್ಗಾವಣೆಯ ಅರ್ಜಿ ಸಹಿಗಾಗಿ ಅವರ ಮೇಜಿನ ಮೇಲೇ ಇತ್ತು. ನೀವು ಗುಡಿಸಿಟ್ಟ ನೆಲದ ಮೇಲೆ ಕುರ್ಚಿ ಹಾಕಿಸಿಕೊಂಡು ಬರೆದೆ — ದಡ್ಡಿಯ ಗುರುತಿಲ್ಲ, ಮೇವಿನ ಬಳಕೆಯಿಲ್ಲ. ಹಿಕ್ಕೆಯ ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಗುರುತಿಲ್ಲವೆಂದು ಬರೆಯುವಾಗ ಕೈ ಒಂದು ಸಲವೂ ತಡೆಯಲಿಲ್ಲ, ಅದೇ ನನಗೆ ಈಗಲೂ —

ನೀವು ತಿರುಗಿ ಬಂದಾಗ ಅರ್ಧ ಗಾಯರಾಣಕ್ಕೆ ಕ್ವಾರಿಯವರ ತಂತಿಬೇಲಿ ಎದ್ದಿತ್ತು. ನೀನು ಓಡಿ ಬಂದೆ. "ಯಾರ್ ಬರದಾರ್ರಿ ಬಾಯಾರ, ನಾವ್ ಇಲ್ಲಂತ?" ಎಂದು ಕೇಳಿದೆ. "ಮ್ಯಾಲಿನವ್ರು," ಎಂದೆ. ಆ ಬೇಸಿಗೆಗೆ ಅರ್ಧ ಹಿಂಡು ಮಾರಿದಿರಿ. ಆದರೂ ಕುಳಗೇರಿ ಕ್ರಾಸಿನಲ್ಲಿ ಕಂಡಾಗಲೆಲ್ಲ ನನ್ನ ಚೀಲ ಹಿಡಿದು, "ನಮ್ ಬಾಯಾರು ಭಾಳ ಛಲೋ ಮಂದಿ" ಎಂದು ಬಸ್ಸಿನವರಿಗೆಲ್ಲ ಹೇಳುತ್ತೀ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಮಾರಾಯ್ತಿ.

ಮೊನ್ನೆ ನೋಟೀಸು ಓದಿದೆ. ಈ ಸಲವೂ ಅದೇ ಪಂಚನಾಮೆ ಲಗತ್ತಿಸಿದ್ದಾರೆ! ನನ್ನದೇ ಅಕ್ಷರ, ನನ್ನದೇ ಸಹಿ. ನನಗೆ ಸಂಕಟವಾಗಲಿಲ್ಲ, ಹುರುಪು ಬಂತು. ಬರೆದವಳೇ ಎದ್ದುನಿಂತು ಸುಳ್ಳು ಎಂದರೆ ಆ ಕಾಗದಕ್ಕೆ ಏನು ಕಿಮ್ಮತ್ತು? ಈಗ ಮಳೆಗಾಲ, ನಿಮ್ಮ ಕುರಿ ಅಲ್ಲೇ ಇವೆ. ಈಗಲೇ ಬಂದು ನೋಡಿ ಎನ್ನುತ್ತೇನೆ, ಎಲ್ಲರೆದುರಿಗೆ. ಪೆನ್ಶನ್ ನಿಲ್ಲಿಸಲಿ, ಕೇಸು ಹಾಕಲಿ — ನಾನು ಹೇಳುವವಳೇ.

ನಿನಗೆ ಓದಲು ಬಾರದು. ಈ ಪತ್ರವನ್ನು ಸಭೆಯಲ್ಲಿ ನಾನೇ ಗಟ್ಟಿಯಾಗಿ ಓದುತ್ತೇನೆ. ನಾನು ಒಳಗೆ ಬಂದ ಕೂಡಲೇ ನೀನು ನಕ್ಕು, ಬೆಂಚಿನಲ್ಲಿ ಪಕ್ಕಕ್ಕೆ ಸರಿದು, ಕೂರಲು ಕರೆಯುತ್ತೀ, ಗೊತ್ತು. ನಾನು ಕೂರುವುದಿಲ್ಲ, ಲಕ್ಕವ್ವ. ಓದಿ ಮುಗಿದ ಮೇಲೂ ನಿನ್ನ ಪಕ್ಕದಲ್ಲಿ ನನಗೆ ಜಾಗ ಉಳಿದಿರುತ್ತದೆಂದು ನಾನು ಅಂದುಕೊಂಡಿಲ್ಲ.