ಉರಿಯೇ ಮುಚ್ಚಳವಾದಾಗ

ನಮ್ಮ ತೋಟ ಇರುವುದು ಕೆರೆಬಿಳಚಿಯಲ್ಲಿ, ಊರಿಗೆ ಅಂಟಿಕೊಂಡಂತೆ. ಬೇಸಿಗೆ ಶುರುವಾಗುವ ಮೊದಲು ಬಿದ್ದ ಅಡಿಕೆ ಮರ, ತೆಂಗಿನ ಗರಿಯ ದಿಂಡು, ಬೇಲಿ ಸಾಲಿನಲ್ಲಿ ಸವರಿದ ಕೊಂಬೆ ಎಲ್ಲವನ್ನೂ ಒಂದು ಮೂಲೆಗೆ ಎಳೆದು ಹಾಕಿ ಬೆಂಕಿ ಕೊಡುವುದು ರೂಢಿ. ನಮ್ಮ ಅತ್ತೆ ಹಾಗೇ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ರಾಶಿ ಎರಡು ಮೂರು ದಿನ ಹೊಗೆಯಾಡುತ್ತಿತ್ತು. ಆ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಯಾವತ್ತೂ ಯೋಚಿಸಿದವಳಲ್ಲ.

ಮೂರು ವರ್ಷದ ಹಿಂದೆ ಪಕ್ಕದ ಮನೆಯಾಕೆ ಬಂದು ಬಾಗಿಲಲ್ಲಿ ನಿಂತಳು. ಅವಳ ಮನೆಯಲ್ಲಿ ಮಗಳ ಬಾಣಂತನ ನಡೆದಿತ್ತು.

"ಅಕ್ಕಾ, ಹೊಗೆಗೆ ಕೂಸು ಒಂದೇ ಸಮ ಕೆಮ್ಮತೈತೆ. ಬಾಗ್ಲು ಹಾಕ್ಕೊಂಡ್ರೂ ಒಳಗೆ ಬರ್ತೈತೆ. ಏನಾರ ಮಾಡಾಕೆ ಆಗ್ತೈತಾ ನೋಡ್ರಿ" ಎಂದಳು.

ಬೈದಿದ್ದರೆ ತಿರುಗಿ ನಾಲ್ಕು ಮಾತಾಡುತ್ತಿದ್ದೆನೇನೋ. ಅವಳು ಬೈಯಲಿಲ್ಲ. ನಾನು ಸುಮ್ಮನೆ ಕೊಡ ಎತ್ತಿಕೊಂಡು ಹೋಗಿ ರಾಶಿಗೆ ನೀರು ಸುರಿದೆ.

ಅದೇ ತಿಂಗಳು ಹೊನ್ನಾಳಿಯಲ್ಲಿ ರೈತರಿಗೆ ಒಂದು ದಿನದ ತರಬೇತಿ ಇದೆ ಎಂದು ಕೇಳಿ ಬಸ್ಸು ಹತ್ತಿದೆ. ತೋಟದ ಕಟ್ಟಿಗೆಯನ್ನು ಹೊಗೆ ಬಾರದಂತೆ ಸುಟ್ಟು ಇದ್ದಿಲು ಮಾಡಿ, ಅದನ್ನು ಮಣ್ಣಿಗೆ ಸೇರಿಸುವ ವಿಧಾನ. ಬಯೋಚಾರ್ ಎನ್ನುತ್ತಾರೆ. ಆಲಿಕೆಯಂತೆ ಮೇಲೆ ಅಗಲ, ಕೆಳಗೆ ಕಿರಿದಾದ ಗುಂಡಿ ತೋಡಬೇಕು. ಒಣ ಪುರಲೆ ಕಡ್ಡಿಯಿಂದ ಶುರು ಮಾಡಿ ಪದರ ಪದರವಾಗಿ ಕಟ್ಟಿಗೆ ಹಾಕುತ್ತಾ ಹೋಗಬೇಕು. ಮೇಲೆ ಯಾವಾಗಲೂ ಉರಿ ಇರಬೇಕು. ಕೊನೆಗೆ ನೀರು ಹೊಯ್ದು ಆರಿಸಬೇಕು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮನೆಗೆ ಬರುವಷ್ಟರಲ್ಲಿ ಎಲ್ಲಾ ಗೊತ್ತಾದಂತೆಯೇ ಅನಿಸಿತ್ತು.

ನಮ್ಮನೆಯವರು ಗುಂಡಿ ತೋಡಿಕೊಟ್ಟರು. ನಾನು ಬೆಂಕಿ ಹಾಕಿದೆ. ಅರ್ಧ ಗಂಟೆಯಲ್ಲಿ ಮೊದಲಿಗಿಂತ ದಟ್ಟವಾದ ಹೊಗೆ ಎದ್ದಿತು. ಕೆಮ್ಮುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ ನಕ್ಕ ಸದ್ದಾಯಿತು.

"ಬೆಂಕಿಗೆ ಉಸಿರು ಕಟ್ಟಿಸಿದ್ರಲ್ಲ ಅಕ್ಕಾರೆ. ಹಸೀದು, ಒಣಗಿದ್ದು, ಎಲ್ಲಾ ಒಂದೇ ಸಲಕ್ಕೆ ಸುರಿದ್ರೆ ಹೆಂಗೆ?"

ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಹೆಣ್ಣುಮಗಳೊಬ್ಬಳ ತಾಯಿ ಅವರು. ಜಗಳೂರು ಕಡೆಯವರು, ಮಗಳ ಮನೆಯಲ್ಲಿ ಕೆಲವು ದಿನ ಇದ್ದು ಹೋಗಲು ಬಂದಿದ್ದರು. ಎಲ್ಲರೂ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸಣ್ಣವರಿದ್ದಾಗಿನಿಂದ ಅವರ ಕಸುಬೇ ಇದ್ದಿಲು ಸುಡುವುದು. ಜಾಲಿ ಕಟ್ಟಿಗೆ ಒಟ್ಟಿ, ಸೊಪ್ಪು ಹೊದಿಸಿ, ಮಣ್ಣು ಮೆತ್ತಿ, ಒಳಗೊಳಗೇ ಬೇಯಿಸುವ ಕೆಲಸ. ಆ ಹೊಗೆಯಲ್ಲೇ ಬಾಳಿದ್ದರಿಂದ ಅವರ ಕಣ್ಣಲ್ಲಿ ಸದಾ ನೀರು ಸುರಿಯುತ್ತಿತ್ತು.

ನಾನು ಹೊಸ ವಿಧಾನ ವಿವರಿಸಿದೆ. ಅವರು ಒಪ್ಪಲಿಲ್ಲ.

"ಉರಿ ಕಂಡ್ರೆ ಮಣ್ಣು ಹಾಕು ಅಂತ ನಮ್ಮಪ್ಪ ಹೇಳ್ಕೊಟ್ಟಿದ್ದು. ಉರಿಯಾಕೆ ಬಿಟ್ರೆ ಇದ್ಲು ಎಲ್ಲೈತೆ? ಬೂದಿ ಅಷ್ಟೇ."

ಹಾಗೆಂದು ಹೋದವರು ಮರುದಿನ ಬೆಳಿಗ್ಗೆ ತಾವಾಗಿಯೇ ಬಂದರು. ಸೆರಗು ಸಿಕ್ಕಿಸಿಕೊಂಡು ಮೊದಲು ಕಟ್ಟಿಗೆಯ ರಾಶಿ ಮುಂದೆ ಕುಳಿತರು. ಒಂದೊಂದು ಕೊಂಬೆಯನ್ನೂ ಮುರಿದು ಅದರ ಸದ್ದು ಕೇಳಿದರು. ಟಕ್ಕೆಂದು ಮುರಿದದ್ದು ಒಂದು ಕಡೆ, ಬಾಗಿ ಸೀಳುಬಿಟ್ಟದ್ದು ಇನ್ನೊಂದು ಕಡೆ. ದಪ್ಪನೆಯದನ್ನೆಲ್ಲ ಸೀಳಿಸಿದರು. ನನ್ನ ನೋಟ್‌ಬುಕ್ಕಿನಲ್ಲಿ "ಒಣಗಿದ ಕಟ್ಟಿಗೆ" ಎಂಬ ಎರಡೇ ಪದಗಳಿದ್ದವು. ಅವರಿಗೆ ಅದೇ ಅರ್ಧ ದಿನದ ಕೆಲಸ.

ಬೆಂಕಿ ಹೊತ್ತಿದ ಮೇಲೆ ನಾನು ಓದಿ ಹೇಳುತ್ತಾ ಹೋದೆ, ಅವರು ಮಾಡುತ್ತಾ ಹೋದರು. ಕೆಂಡದ ಮೇಲೆ ಬೂದಿಯ ತೆಳುವಾದ ಬಿಳಿ ಪೊರೆ ಕಂಡ ಕೂಡಲೇ ಮುಂದಿನ ಪದರ ಹಾಕಬೇಕು. ನಾನು ಎರಡು ಸಲ ಅವಸರ ಮಾಡಿದೆ. ಎರಡು ಸಲವೂ ಕೈ ಹಿಡಿದು ನಿಲ್ಲಿಸಿದರು. ಗುಂಡಿ ಮುಕ್ಕಾಲು ತುಂಬಿತು. ಉರಿ ನನ್ನ ಎದೆಮಟ್ಟಕ್ಕೆ ಏಳುತ್ತಿತ್ತು, ಹೊಗೆ ಮಾತ್ರ ಇರಲಿಲ್ಲ. ದೊಡ್ಡವ್ವ ಗಾಳಿ ಬೀಸುವ ಕಡೆಗೇ ಹೋಗಿ ನಿಂತು, ಮೂಗು ಎತ್ತಿ ನೋಡಿದರು. ಬಗ್ಗಿ ಉರಿಯ ಬುಡವನ್ನು ದಿಟ್ಟಿಸಿದರು. ಆಮೇಲೆ ಒಮ್ಮೆಲೇ ಕೈ ತಟ್ಟಿದರು.

"ಗೊತ್ತಾತು ಬಿಡ್ರಿ! ಮೇಲಿನ ಉರೀನೇ ಕೆಳಗಿಂದಕ್ಕೆ ಮುಚ್ಚಳ. ನಾವು ಮಣ್ಣು ಮುಚ್ತಿದ್ವಿ, ಇಲ್ಲಿ ಉರೀನೇ ಮುಚ್ತೈತೆ. ಹೊಗೆ ಮೇಲೆ ಬರಾಕೆ ಹೋದ್ರೆ ಅದನ್ನೂ ತಿಂದು ಹಾಕ್ತೈತೆ."

ತರಬೇತಿಯಲ್ಲಿ ಚಿತ್ರ ಬರೆದು ಒಂದು ಗಂಟೆ ಹೇಳಿದ್ದು ಅದನ್ನೇ. ಅಲ್ಲಿ ತಲೆಯಾಡಿಸಿದ್ದ ನನಗೆ ನಿಜವಾಗಿ ಅರ್ಥವಾದದ್ದು ಈಗ. ಒಂದು ಕೆಲಸವನ್ನು ಐವತ್ತು ವರ್ಷ ಒಂದು ರೀತಿಯಲ್ಲಿ ಮಾಡಿದವರು, ಅದರ ತದ್ವಿರುದ್ಧವನ್ನು ಒಂದೇ ಬೆಳಿಗ್ಗೆ ಕಣ್ಣಾರೆ ನೋಡಿ, ತಮ್ಮಪ್ಪನ ಮಾತನ್ನು ಪಕ್ಕಕ್ಕಿಟ್ಟು ಒಪ್ಪಿಕೊಂಡರಲ್ಲ! ಆ ವಯಸ್ಸಿಗೆ ನನಗೆ ಅಷ್ಟು ಮನಸ್ಸು ಬರುತ್ತದೋ ಇಲ್ಲವೋ.

ನೀರು ಹೊಯ್ದಾಗ ಹಬೆ ಭುಸ್ಸೆಂದು ಎದ್ದಿತು. ಆಯಿತು ಎಂದು ನಾನು ಕೊಡ ಕೆಳಗಿಟ್ಟರೆ ಅವರು ಬಿಡಲಿಲ್ಲ. "ಅಡಿಯಾಗೆ ಇನ್ನೂ ಜೀವ ಐತೆ" ಎಂದು ಗುದ್ದಲಿಯಿಂದ ಕೆದಕಿ ತೋರಿಸಿದರು. ತಳದಲ್ಲಿ ಕೆಂಡ ಮಿನುಗುತ್ತಿತ್ತು. ಇನ್ನೂ ಆರು ಕೊಡ ಬೇಕಾಯಿತು. ತಣ್ಣಗಾದ ಮೇಲೆ ಒಂದು ತುಂಡು ಎತ್ತಿ ಕಲ್ಲಿಗೆ ತಟ್ಟಿ, ಮುರಿದು, ಒಳಗಿನ ಹೊಳಪು ನೋಡಿ ನನ್ನ ಕೈಗಿಟ್ಟರು. "ಚೊಲೋ ಬೆಂದೈತೆ" ಎಂದರು.

ಅವರು ಊರಿಗೆ ಹೋದ ಮೇಲೆ ನಾನೊಂದು ತಪ್ಪು ಮಾಡಿದೆ. ಇದ್ದಿಲನ್ನು ಹಾಗೇ ಪುಡಿ ಮಾಡಿ ಮೆಣಸಿನ ಮಡಿಗೆ ಹಾಕಿಬಿಟ್ಟೆ. ಗಿಡಗಳು ಹಳದಿಗೆ ತಿರುಗಿದವು. ಗಾಬರಿಯಾಗಿ ಫೋನ್ ಮಾಡಿದೆ.

"ನಾವು ಇದ್ಲು ಮಾರಿದ್ದು, ಮಣ್ಣಿಗೆ ಹಾಕಿದ್ದು ಯಾವಾಗ? ನಿಮ್ಮ ಬುಕ್ ತೆಗೆದು ನೋಡ್ರಿ" ಎಂದರು.

ನೋಡಿದೆ. ಸಗಣಿ ಗಂಜಲದ ಬಗ್ಗಡದಲ್ಲಿ ಎರಡು ವಾರ ನೆನೆಸಬೇಕು, ಇಲ್ಲದಿದ್ದರೆ ಇದ್ದಿಲೇ ಗೊಬ್ಬರದ ಸಾರ ಹೀರಿಕೊಳ್ಳುತ್ತದೆ ಎಂದು ನನ್ನದೇ ಅಕ್ಷರದಲ್ಲಿತ್ತು. ಮುಂದಿನ ಸಲ ನೆನೆಸಿಯೇ ಹಾಕಿದೆ, ಗಿಡ ಚೆನ್ನಾಗಿ ಬಂದವು. ಅಡಿಕೆಯ ಬುಡಕ್ಕೂ ಹಾಕಿದ್ದೇನೆ. ಅದರ ಫಲ ಇಷ್ಟು ಬೇಗ ಹೇಳಲಾಗದು.

ಹೋದ ವರ್ಷ ದೊಡ್ಡವ್ವನನ್ನು ನೋಡಲು ಅವರ ಹಳ್ಳಿಗೆ ಹೋಗಿದ್ದೆ. ಹೊಲದ ಬದುವಿನಲ್ಲಿ ಗುಂಡಿ ತೋಡಿದ್ದರು. ನನ್ನದಕ್ಕಿಂತ ಅಚ್ಚುಕಟ್ಟಾಗಿತ್ತು, ಗೋಡೆಗೆ ಮಣ್ಣು ಸಾರಿಸಿದ್ದರು. ಹತ್ತಿ ಗಿಡದ ಕಟ್ಟಿಗೆ ಉದ್ದವಾರು ಜೋಡಿಸಿಟ್ಟಿತ್ತು. ಅಕ್ಕಪಕ್ಕದ ಹೊಲದ ಏಳೆಂಟು ಹೆಂಗಸರು ನೋಡಲು ಬಂದಿದ್ದರು.

"ಇವರೇ ಕಣ್ರೇ ನಂಗೆ ಕಲಿಸಿದ್ದು" ಎಂದು ದೊಡ್ಡವ್ವ ನನ್ನನ್ನು ಮುಂದಕ್ಕೆ ತಳ್ಳಿದರು.

"ಸುಳ್ಳು! ನಾನು ಹೊಗೆ ಎಬ್ಬಿಸಿದ್ದೆ ಅಷ್ಟೇ. ಕಲಿಸಿದ್ದು ಇವರು" ಎಂದೆ.

"ಓದಿ ಹೇಳಿದ್ದು ಯಾರು ಮತ್ತೆ?"

"ಕೈ ಹಿಡಿದು ನಿಲ್ಲಿಸಿದ್ದು ಯಾರು?"

ಹೆಂಗಸರು ನಗಲು ಶುರು ಮಾಡಿದರು. ಅವರಲ್ಲೊಬ್ಬಳು, "ಯಾರಾರ ಒಬ್ರು ಕಡ್ಡಿ ಗೀರ್ರಿ, ಬಿಸ್ಲು ಏರ್ತೈತೆ" ಎಂದಳು. ದೊಡ್ಡವ್ವ ಬೆಂಕಿಪೊಟ್ಟಣವನ್ನು ಅವಳ ಕೈಗೇ ಕೊಟ್ಟು, ನನ್ನ ಪಕ್ಕ ಬದುವಿನ ಮೇಲೆ ಬಂದು ಕುಳಿತರು.