ಅಣ್ಣ ಕೊಡಬೇಕಿದ್ದ ರಕ್ತ

ಕಳವಾ ಎಂಬ ಮರಾಠಿ ಊರಿನ ನಮ್ಮ ಸಾಲುಮನೆಗಳ ಚಾಳಿನಲ್ಲಿ ನಾನು ಅಣಕಿಸದ ದನಿಯಿಲ್ಲ. ನನ್ನದೇ ಮೂಗುದನಿಯನ್ನೂ ಬಿಟ್ಟವನಲ್ಲ. ಪಕ್ಕದ ಖೋಲಿಯ ವಿಜಯಪುರದ ಅಕ್ಕ ಸೀರೆಗೆ ಫಾಲ್ ಹಚ್ಚುತ್ತ, ಹಲ್ಲಿನಲ್ಲಿ ದಾರ ಕಡಿಯುತ್ತ ನಗುತ್ತಿದ್ದಳು. ಏನು ಬೇಕೆಂದು ಕೇಳಿದರೂ, "ಯಾರಿಗೂ ತ್ರಾಸು ಬ್ಯಾಡ ಬಿಡೋ," ಅನ್ನುವಳು.

ಗರ್ಭಕೋಶದಲ್ಲಿ ಗಡ್ಡೆಗಳಾಗಿ, ತಿಂಗಳುಗಟ್ಟಲೆ ರಕ್ತ ಹೋಗಿ ಅವಳು ಬಿಳಿಚಿಕೊಂಡಿದ್ದಳು. ಗಡ್ಡೆ ತೆಗೆಯುವಾಗ ಮತ್ತೆ ಹೆಚ್ಚು ರಕ್ತ ಹೋಗದಂತೆ ಗರ್ಭಕೋಶದ ಬುಡಕ್ಕೆ ಪಟ್ಟಿ ಬಿಗಿದು, ಇಂಜೆಕ್ಷನ್ ಕೊಡುತ್ತೇವೆ ಎಂದರು ಡಾಕ್ಟರು. ಆದರೂ ರಕ್ತ ಕೊಡುವವರೊಬ್ಬರು ಜೊತೆಗಿರಲಿ ಅಂದರು.

"ನಮ್ಮಣ್ಣ ಬರ್ತಾನ್ರಿ," ಅಂದಳು ಅಕ್ಕ.

ಆಪರೇಷನ್ ದಿನ ಅಣ್ಣ ಬರಲಿಲ್ಲ. ನಾನೇ ತೋಳೇರಿಸಿಕೊಂಡು ಹೋದೆ. ನನ್ನ ತೂಕ ನೋಡಿದ ನರ್ಸ್, ನಿನಗೇ ಒಂದು ಬಾಟಲಿ ಏರಿಸಬೇಕು ಎಂದು ಮರಾಠಿಯಲ್ಲಿ ಹೇಳಿ ನಕ್ಕಳು. ಕೊನೆಗೆ ಆಸ್ಪತ್ರೆಯವರೇ ರಕ್ತ ತರಿಸಿಟ್ಟರು.

ಅದು ಬೇಕಾಗಲೇ ಇಲ್ಲ. ಅವಳಿಗೆ ಎಚ್ಚರವಾದಾಗ ಹೇಳಿದೆ. ಅಕ್ಕನ ಮುಖ ಅರಳಿತು.

"ಹಂಗಾರ ಅಣ್ಣ ಬಂದಿದ್ರೂ ಸುಮ್ನ ತ್ರಾಸು ಆಗ್ತಿತ್ತು! ಫೋನ್ ಹಚ್ಚಿ ಹೇಳಪಾ ಅವಗ, ಕಾಳಜಿ ಮಾಡಬ್ಯಾಡ ಅಂತ."

ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು.

"ಏನಂದ?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

ಅವನ ದನಿಯಲ್ಲೇ ಒಂದು ಮಾತು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಇಷ್ಟು ವರ್ಷ ಅಕ್ಕನೂ ನಾನೂ ಒಂದೇ ಗೋಡೆಯ ಆಚೀಚೆ ಬದುಕಿದ್ದರೂ, ಆ ದನಿ ಹೇಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ.