ಮದುವೆ ಪಾನಕದ ಹುಳ

೧೯೩೬ರ ಬೇಸಿಗೆ. ಧಾರವಾಡದ ಆರೋಗ್ಯ ಖಾತೆಯಲ್ಲಿ ನಾನು ಸ್ಯಾನಿಟರಿ ಇನ್ಸ್‌ಪೆಕ್ಟರ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಖಾಕಿ ಕೋಟು, ಸೈಕಲ್ಲು, ಒಂದು ಭೂತಗನ್ನಡಿ, ಇಷ್ಟೇ ನನ್ನ ದೌಲತ್ತು. ಸರಕಾರ ಕೊಡದ ಗುಣವೂ ಒಂದಿತ್ತು: ಕಂಡವರನ್ನೆಲ್ಲ ಅಣಕಿಸುವುದು. ನಮ್ಮ ಡಾಕ್ಟರ್ ಸಾಹೇಬರು ಮೂಗಿನಲ್ಲಿ "ವಾಟರ್, ಓನ್ಲೀ ವಾಟರ್" ಎನ್ನುವುದನ್ನು ಮಾಳಮಡ್ಡಿಯ ನನ್ನ ಖೋಲಿಯಲ್ಲಿ ಎಷ್ಟು ಮಾಡಿ ತೋರಿಸಿದ್ದೆನೆಂದರೆ, ಒಂದು ದಿನ ಅವರೆದುರೇ ಆ ದನಿ ಹೊರಟುಬಿಟ್ಟಿತು. ಮರುದಿನವೇ ನನಗೆ ಸತ್ತೂರಿನಾಚೆಯ ನಾರುಹುಣ್ಣಿನ ಹಳ್ಳಿ ಸಿಕ್ಕಿತು.

ನಾರುಹುಣ್ಣು ನೋಡದವರು ಊಟ ಮುಗಿಸಿಕೊಂಡು ಮುಂದೆ ಓದಬೇಕು. ಕಾಲಿನ ಮೇಲೆ ಬೊಬ್ಬೆ ಎದ್ದು ಒಡೆಯುತ್ತದೆ. ಒಳಗಿಂದ ಶಾವಿಗೆಯಂಥ ಬಿಳಿ ಹುಳ ಇಣುಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ಹರಿದರೆ ಕಾಲೆಲ್ಲ ಕೀವು. ನಾನಂತೂ ಶಾವಿಗೆ ಪಾಯಸ ಬಿಟ್ಟೆ. ಉರಿ ತಾಳದೆ ರೋಗಿ ಕಾಲನ್ನು ನೀರಿಗೆ ಇಳಿಬಿಟ್ಟರೆ ಹುಳ ಅಲ್ಲಿ ಮರಿಗಳನ್ನು ಕಾರುತ್ತದೆ. ಸೈಕ್ಲಾಪ್ಸ್ ಎಂಬ ನೀರಿನ ಚಿಗಟ ಆ ಮರಿಗಳನ್ನು ನುಂಗುತ್ತದೆ, ಚಿಗಟವನ್ನು ನಾವು ಕುಡಿಯುತ್ತೇವೆ, ಸುಮಾರು ವರ್ಷದ ಮೇಲೆ ಹುಳ ನಮ್ಮ ಕಾಲಿನಿಂದ ಹೊರಗೆ! ಡಾಕ್ಟರರು ಹೀಗೆನ್ನುತ್ತಿದ್ದರು, ಹಳ್ಳಿ ಮಾತ್ರ "ಕೆಟ್ಟ ರಕ್ತ" ಎನ್ನುತ್ತಿತ್ತು.

ಆ ಹಳ್ಳಿಯ ಬಸವ್ವನ ಮನೆಯ ವಾದ ಇವೆರಡೂ ಅಲ್ಲ. ಹೊಲದಲ್ಲಿ ಸ್ವಂತ ಸೇದುವ ಬಾವಿಯಿದ್ದ ಆ ಮನೆಯಲ್ಲಿ ಯಾರಿಗೂ ನಾರುಹುಣ್ಣು ಆದದ್ದಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಮಗ ಈರಪ್ಪನ ಮದುವೆಯಾಯಿತು. ಈ ಬೇಸಿಗೆಯಲ್ಲಿ ಬಸವ್ವ, ಅವಳ ಗಂಡ, ಮಗ ಮೂವರೂ ಕಾಲಿಗೆ ಕಡ್ಡಿ ಕಟ್ಟಿಕೊಂಡು ಪಡಸಾಲೆಯಲ್ಲಿ ಬಿದ್ದಿದ್ದರು. ಸೊಸೆ ಗಂಗವ್ವನ ಕಾಲು ಮಾತ್ರ ಸ್ವಚ್ಛ. ಅದೇ ಅವಳ ಅಪರಾಧ. ತವರಿಗೆ ಅಟ್ಟಿ, ಈರಪ್ಪನಿಗೆ ಬೇರೆ ಹೆಣ್ಣು ನೋಡುತ್ತಿದ್ದರು.

"ಆಕಿ ಕಾಲ್ಗುಣಾರೀ ಸಾಹೇಬ್ರ," ಎಂದಳು ಬಸವ್ವ.

"ಮದವಿಗೆ ನೀರು ಎಲ್ಲಿಂದ ತಂದ್ರಿ, ಯವ್ವಾ?"

"ಅಷ್ಟು ಮಂದಿಗೆ ನಮ್ಮ ಬಾವಿ ಸಾಲ್ತೈತೇನ್ರಿ? ಗುಡಿ ಮುಂದಿನ ಮೆಟ್ಟಿಲ ಬಾವಿಂದ ಹೊರಿಸಿದ್ವಿ. ಏನ್ ತಂಪ ನೀರು! ಪಾನಕಾ ಅಂದ್ರ ಪಾನಕಾ!"

ಹೋಗಿ ನೋಡಿದೆ. ಹೆಂಗಸರು ಮೊಣಕಾಲುದ್ದ ನೀರಿಗಿಳಿದು ಕೊಡ ತುಂಬುತ್ತಿದ್ದರು. ಪಕ್ಕದ ಮೆಟ್ಟಿಲಲ್ಲಿ ಒಬ್ಬ ಅಜ್ಜ ಕಡ್ಡಿ ಕಟ್ಟಿದ ಕಾಲನ್ನು ನೀರಲ್ಲಿ ಆಡಿಸುತ್ತ, "ಹಾಯ್ ಅನಸ್ತೈತಿ" ಎಂದು ನನ್ನನ್ನೂ ಕರೆದ. ಒಂದು ಗಾಜಿನ ಲೋಟ ನೀರು ತುಂಬಿ ತಂದು, ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ಬಸವ್ವನಿಗೆ ಕುಣಿಯುವ ಬಿಳಿ ಚಿಗಟಗಳನ್ನು ತೋರಿಸಿದೆ. ಅರಿವೆಯಲ್ಲಿ ಸೋಸಿದರೆ ಸಾಕೆಂದು ನನ್ನ ತಲೆಯ ರುಮಾಲನ್ನೇ ಬಿಚ್ಚಿ ನೀರು ಸೋಸಿದೆ.

"ಬಾವಿ ನೀರ ಛಲೋ ಇತ್ತಲ್ರೀ ಇದಕ್ಕಿಂತ!" ಎಂದು ಅವಳು ಮೂಗು ಮುಚ್ಚಿದಳು. ಖರೇನೇ. ಆ ರುಮಾಲು ದಸರೆಯಿಂದ ನೀರು ಕಂಡಿರಲಿಲ್ಲ.

ಆದರೂ ಅಕ್ಷತೆಯವರೆಗೆ ಮದುಮಗಳು ಉಪವಾಸವಿರುವ ಪದ್ಧತಿ ನೆನಪಾಗಿ, ಬಿಡದೆ ಹೇಳಿದೆ: "ನಿಮ್ಮ ಸೊಸಿ ಅಕ್ಕಿಕಾಳು ಬೀಳೂತನಕಾ ಉಪಾಸ ಇದ್ಲು. ಪಾನಕಾ ಮುಟ್ಟಲಿಲ್ಲ. ಆಮ್ಯಾಲ ನಿಮ್ಮ ಬಾವಿ ನೀರಽ ಕುಡದ್ಲು. ಅದಕ್ಕಽ ಉಳದ್ಲು."

"ನನ್ನ ಮಗಾನೂ ಉಪಾಸ ಇದ್ದ! ಮತ್ತ ಅವಗ ಹೆಂಗ ಬಂತ್ರೀ?"

ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು. ಸಾಹೇಬರ ದನಿಯಲ್ಲಿ "ಓನ್ಲೀ ವಾಟರ್" ಎಂದರೂ ಕೇಳುವವರಿಲ್ಲ. ಎಲ್ಲರೂ ಈರಪ್ಪನ ಕಡೆ ನೋಡಿದೆವು. ಅವನು ತನ್ನ ಕಡ್ಡಿಯನ್ನೇ ನೋಡುತ್ತಿದ್ದ.

"ಪಾನಕಾ ಎರಡ ತಂಬಗಿ ಕುಡದಿದ್ದೆ, ಯವ್ವಾ. ದನದ ಕೊಟಗ್ಯಾಗ ನಿಂತು. ಬಿಸಲ ಭಾಳ ಇತ್ತು."

ಈರಪ್ಪನ ಅಪ್ಪ ಕಾಲು ಎಳೆದುಕೊಂಡು ಎದ್ದು ಕೂತ.

"ಆಕಿಗೂ ಬಿಸಲ ಇತ್ತಲ್ಲೋ, ಭಾಡ್ಯಾ!"

ಚಕ್ಕಡಿ ಹೂಡಿಸಿ, ಗಂಗವ್ವನನ್ನು ಕರೆತರಲು ಈರಪ್ಪನನ್ನೇ ಕಳಿಸಿದರು. ಸಾಕ್ಷಿಗೆ ನನ್ನನ್ನೂ ಹತ್ತಿಸಿದರು. ತವರಿನ ಕಟ್ಟೆಯ ಮೇಲೆ ಗಂಗವ್ವ ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಕೇಳಿದಳು. ಮೊರ ಕೆಳಗಿಡಲಿಲ್ಲ.

"ನನ್ನ ಮುಂದ ಅಂದಿದ್ದನ್ನ ನಮ್ಮಪ್ಪನ ಮುಂದ ಹೇಳ್ರಿ. ಓಣಿ ಮಂದೀಗೂ ಕೇಳಬೇಕು. ಆಮ್ಯಾಲ ಗಾಡಿ ಹತ್ತತೇನಿ."

ಅವನು ಹೇಳಿದ. ಎರಡು ತಂಬಿಗೆ, ಕೊಟ್ಟಿಗೆ, ಬಿಸಿಲು, ಎಲ್ಲ. ಅವಳು ಹತ್ತಿದಳು.

ನೌಕರಿ ನನಗೆ ಕಲಿಸಿದ್ದಿಷ್ಟು: ರೋಗ ಯಾರಿಂದ ಬಂತೆಂದು ಕೂಗುವವರನ್ನು ಆಮೇಲೆ ಕೇಳು, ಮೂಲೆಯಲ್ಲಿ ಸುಮ್ಮನೆ ಕೂತವನನ್ನು ಮೊದಲು ಕೇಳು. ಬಸವ್ವನನ್ನೂ ಬಾವಿಯ ಅಜ್ಜನನ್ನೂ ಈಗಲೂ ಗೆಳೆಯರ ಮುಂದೆ ಅಣಕಿಸುತ್ತೇನೆ. ಈರಪ್ಪನನ್ನು ಮಾತ್ರ ಇಲ್ಲ. ಆ ದನಿ ಬಾಯಿಗೆ ಬಂದರೆ ಬಾಯಿ ಮುಕ್ಕಳಿಸಬೇಕು ಅನಿಸುತ್ತದೆ.